ಗುರಿ ಹೇಳಿಕೊಂಡರೆ ಸಾಲದು, ಲೆಕ್ಕ ಒಪ್ಪಿಸಬೇಕು: ಹಿಡಿದ ಕೆಲಸ ಮುಗಿಸಲು ಒಂದು ಸಮಗ್ರ ಮಾರ್ಗದರ್ಶಿ

ಜನವರಿ ಒಂದನೇ ತಾರೀಖು ಬೆಳಿಗ್ಗೆ ತುಮಕೂರಿನ ಅಮಾನಿಕೆರೆ ದಂಡೆಗೆ ಹೋದರೆ ಎಲ್ಲಿ ನೋಡಿದರೂ ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟ್, ಕಿವಿ ಮುಚ್ಚಿದ ಮಫ್ಲರ್. ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ಮತ್ತೆ ಅವೇ ಹಳೇ ಮುಖಗಳು. ಮಧ್ಯೆ ಮಾಯವಾದವರಲ್ಲಿ ಸತತ ಮೂರು ವರ್ಷ ನಾನೂ ಸೇರಿದ್ದೆ.

ಮಾಯವಾದವರನ್ನು ಕೇಳಿ ನೋಡಿ. ಯಾರೂ ಗುಟ್ಟಾಗಿ ಶುರು ಮಾಡಿರುವುದಿಲ್ಲ. ಸ್ಟೇಟಸ್ ಹಾಕಿರುತ್ತಾರೆ, ಗ್ರೂಪ್ ಮಾಡಿರುತ್ತಾರೆ, ಮನೆಯವರಿಗೆ ಮಾತು ಕೊಟ್ಟಿರುತ್ತಾರೆ. 'ನಾಲ್ಕು ಜನಕ್ಕೆ ಹೇಳಿದರೆ ಮರ್ಯಾದೆಗಾದರೂ ಮಾಡ್ತೀವಿ' ಅನ್ನುವ ಧೈರ್ಯ. ಈ ಧೈರ್ಯದಲ್ಲಿ ಅರ್ಧ ಸತ್ಯ ಇದೆ. ಎಡವುವುದು ಹೇಳಿಕೊಳ್ಳುವುದನ್ನೇ ಲೆಕ್ಕ ಒಪ್ಪಿಸುವುದು ಅಂದುಕೊಂಡಾಗ. 'ನಾಳೆಯಿಂದ ಓದ್ತೀನಿ' ಅನ್ನುವುದು ಹೇಳಿಕೊಳ್ಳುವುದು. 'ನಿನ್ನೆ ಎಷ್ಟು ಪುಟ?' ಅಂತ ಒಬ್ಬರು ಕೇಳಿ, ನಾವು ಒಂದು ಸಂಖ್ಯೆ ಹೇಳುವುದು ಲೆಕ್ಕ ಒಪ್ಪಿಸುವುದು.

ಬರೀ ಹೇಳಿಕೊಳ್ಳುವುದರಿಂದ ಉಪಯೋಗ ಇಲ್ಲ ಅಷ್ಟೇ ಅಲ್ಲ, ನಷ್ಟವೂ ಆಗಬಹುದು. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 2009ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ಕಾನೂನು ವಿದ್ಯಾರ್ಥಿಗಳಿದ್ದರು. ಒಳ್ಳೆಯ ವಕೀಲರಾಗಬೇಕು ಅನ್ನುವ ತಮ್ಮ ಆಸೆಯನ್ನು ಇನ್ನೊಬ್ಬರು ಗಮನಿಸಿದ್ದಾರೆ ಅಂತ ಗೊತ್ತಾದವರು, ಆಮೇಲೆ ಕೊಟ್ಟ ಕೆಲಸದಲ್ಲಿ ಕಡಿಮೆ ಹೊತ್ತು ಕೂತರು. ಹೇಳಿದ್ದರಲ್ಲೇ ಅರ್ಧ ಸಮಾಧಾನ ಸಿಕ್ಕಿಬಿಡುತ್ತದೆ. ಸ್ಟೇಟಸ್‌ಗೆ ಮೂವತ್ತು ಜನ ಚಪ್ಪಾಳೆ ತಟ್ಟಿದ ಮೇಲೆ ಚಳಿಯಲ್ಲಿ ಯಾಕೆ ಏಳಬೇಕು, ಅಲ್ವಾ?

ನಮ್ಮ ಆಫೀಸಿನಲ್ಲಿ, ಬೀದಿಯಲ್ಲಿ, ಬೆಂಗಳೂರಿಗೆ ದಿನಾ ಓಡಾಡುವ ರೈಲಿನಲ್ಲಿ ಹಲವರು ಒಂದೇ ಜಾಗದಲ್ಲಿ ಮುಗ್ಗರಿಸುವುದನ್ನು ನೋಡಿದ್ದೇನೆ. ಹಾಗಾಗಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಈ ಕ್ರಮ ಮುಖ್ಯ. ಮೊದಲು ಜನರನ್ನು ಹುಡುಕಿ ಆಮೇಲೆ ಗುರಿ ಸರಿಮಾಡಲು ಹೋದರೆ ಎರಡೂ ಕೆಡುತ್ತವೆ.

ಏನೇನು ಬೇಕು

ಹೆಚ್ಚೇನಿಲ್ಲ. ದೊಡ್ಡ ಚೌಕಗಳಿರುವ ಒಂದು ಗೋಡೆ ಕ್ಯಾಲೆಂಡರ್. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಂಥದ್ದು. ಹಾಲಿನ ಕ್ಯಾಲೆಂಡರ್‌ನಲ್ಲೇ ಬರೆಯಬೇಡಿ, ತಿಂಗಳ ಕೊನೆಗೆ ಅರ್ಧ ಲೀಟರ್ ಯಾವುದು, ಅರ್ಧ ಗಂಟೆ ಯಾವುದು ಗೊತ್ತಾಗುವುದಿಲ್ಲ. ನನಗೆ ಆಗಿದೆ. ಒಂದು ಪೆನ್, ಮೆಸೇಜ್ ಕಳಿಸಲು ಸಾದಾ ಫೋನ್, ಒಬ್ಬ ಮನುಷ್ಯ. ಆರು ವಾರದ ಗಡುವು. ಆ್ಯಪ್ ಬೇಡ. ಆ್ಯಪ್ ಹುಡುಕುವುದರಲ್ಲೇ ಒಂದು ವಾರ ಕಳೆದವರನ್ನು ನಾನು ಬಲ್ಲೆ.

ಹಂತ 1: ಈ ದಾರಿಗೆ ಒಗ್ಗುವ ಗುರಿಯನ್ನೇ ಆರಿಸಿ

ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಮಾತ್ರ ಲೆಕ್ಕ ಒಪ್ಪಿಸಬಹುದು. ದಿನಾ ನಡೆಯುವುದು ನಿಮ್ಮ ಕೈಯಲ್ಲಿದೆ, ತೂಕ ಇಳಿಯುವುದು ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಓದುವುದು ನಿಮ್ಮದು, ರ‍್ಯಾಂಕ್ ನಿಮ್ಮದಲ್ಲ.

ಒಂದು ಸಲಕ್ಕೆ ಒಂದೇ ಗುರಿ. 'ವಾಕಿಂಗ್, ಇಂಗ್ಲಿಷ್, ಉಳಿತಾಯ ಮೂರೂ ಒಟ್ಟಿಗೆ' ಅಂದವರು ಯಾರೂ ಮೂರನೇ ವಾರ ನೋಡಿಲ್ಲ.

ಕುಡಿತ ಬಿಡುವಂಥ ಗಟ್ಟಿ ಚಟಕ್ಕೆ, ಮನಸ್ಸು ಕುಗ್ಗಿ ಹಾಸಿಗೆಯಿಂದ ಏಳಲೂ ಆಗದ ಸ್ಥಿತಿಗೆ ಪಕ್ಕದ ಮನೆಯವರ ಲೆಕ್ಕ ಸಾಲದು. ಅದಕ್ಕೆ ಡಾಕ್ಟರ್ ಬೇಕು. ದಿನಾ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸುವುದು ಜೀವಕ್ಕೇ ಅಪಾಯ ತರಬಹುದು. ಈ ಬರಹ ಸೋಮಾರಿತನ, ಮರೆವು, ಮುಂದೂಡುವ ಚಾಳಿಗೆ ಮಾತ್ರ.

ಹಂತ 2: ಗುರಿಯನ್ನು ಹೌದು-ಇಲ್ಲ ಪ್ರಶ್ನೆ ಮಾಡಿ

ಬೀದಿಯಲ್ಲಿ ಹೋಗುವ ಯಾರೋ ಬಂದು ನಿಮ್ಮ ದಿನವನ್ನು ನೋಡಿದರೆ, 'ಮಾಡಿದ್ದಾರೆ' ಅಥವಾ 'ಮಾಡಿಲ್ಲ' ಅಂತ ಹೇಳಲು ಬರಬೇಕು. ಹೇಳಲು ಬರದಿದ್ದರೆ ಗುರಿ ಇನ್ನೂ ಹಸಿ.

'ಚೆನ್ನಾಗಿ ಓದಬೇಕು' ಹಸಿ. 'ದಿನಾ 20 ಪ್ರಶ್ನೆ ಬಿಡಿಸಬೇಕು' ಬೆಂದಿದೆ. 'ಖರ್ಚು ಕಡಿಮೆ ಮಾಡಬೇಕು' ಹಸಿ. 'ಪ್ರತಿ ಶನಿವಾರ ಸಂಜೆ 6ರೊಳಗೆ 500 ರೂಪಾಯಿ ಆರ್‌ಡಿಗೆ ಹೋಗಬೇಕು' ಬೆಂದಿದೆ.

ಎಷ್ಟು ಅನ್ನುವುದರ ಜೊತೆ ಯಾವಾಗ, ಎಲ್ಲಿ ಅನ್ನುವುದನ್ನೂ ಸೇರಿಸಿ. ಮೇಲೆ ಹೇಳಿದ ಗಾಲ್ವಿಟ್ಜರ್ ಅವರ ಹೆಸರು ಮಾಡಿದ ಕೆಲಸವೇ ಇದು: 'ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ನಿಶ್ಚಯ ಮಾಡಿಕೊಂಡವರು ಬರೀ 'ಮಾಡುತ್ತೇನೆ' ಅಂದವರಿಗಿಂತ ಜಾಸ್ತಿ ಮಾಡಿ ಮುಗಿಸುತ್ತಾರೆ. ನಮ್ಮ ರೈಲಿನಲ್ಲಿ ಒಬ್ಬ ಹುಡುಗಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದಳು. ಅವಳ ನಿಯಮ ಇಷ್ಟೇ: ಹಿರೇಹಳ್ಳಿ ದಾಟುವಷ್ಟರಲ್ಲಿ ಪುಸ್ತಕ ತೆರೆದಿರಬೇಕು, ಚಿಕ್ಕಬಾಣಾವರ ಬರುವ ತನಕ ಮುಚ್ಚಬಾರದು. ಗಡಿಯಾರ ಬೇಕಿಲ್ಲ, ಸ್ಟೇಷನ್ನೇ ಗಂಟೆ ಹೊಡೆಯುತ್ತದೆ. ಎದುರು ಕೂತವರಿಗೂ ಅವಳು ಓದಿದಳೋ ಇಲ್ಲವೋ ಗೊತ್ತಾಗುತ್ತಿತ್ತು.

ಇಲ್ಲಿ ಸಾಮಾನ್ಯ ತಪ್ಪು ಅಂದರೆ ಉತ್ಸಾಹದಲ್ಲಿ ದೊಡ್ಡ ಅಳತೆ ಇಡುವುದು. ಜ್ವರ ಬಿಟ್ಟ ಮಾರನೇ ದಿನವೂ ಮಾಡಬಹುದಾದಷ್ಟು ಸಣ್ಣದಾಗಿ ಇಡಿ. ಜಾಸ್ತಿ ಮಾಡಿದರೆ ಯಾರೂ ಬೈಯುವುದಿಲ್ಲ.

ಹಂತ 3: ಲೆಕ್ಕ ಕೇಳುವವರನ್ನು ಆರಿಸಿ

ಇಲ್ಲೇ ಹೆಚ್ಚಿನವರು ಸೋಲುವುದು. ಆದ್ದರಿಂದ ಸ್ವಲ್ಪ ನಿಧಾನಿಸೋಣ.

ನನ್ನ ಕಥೆ ಹೇಳುತ್ತೇನೆ. ಸರ್ಕಾರಿ ನೌಕರರು ಬರೆಯುವ ಇಲಾಖಾ ಪರೀಕ್ಷೆಯಲ್ಲಿ ಅಕೌಂಟ್ಸ್ ಹೈಯರ್ ಪೇಪರ್ ನನ್ನ ಕುತ್ತಿಗೆಗೆ ಬಿದ್ದಿತ್ತು. ಮೊದಲ ಸಲ ನನ್ನ ಹಳೇ ಗೆಳೆಯನಿಗೆ ಹೇಳಿದೆ, ಅವನೂ ಅದೇ ಪೇಪರ್ ಬರೆಯಬೇಕಿತ್ತು. ಎಷ್ಟು ಒಳ್ಳೆಯ ಜೋಡಿ ಅಂದುಕೊಂಡೆವು. ಮೊದಲ ವಾರ ದಿನಾ ಫೋನ್. ಎರಡನೇ ವಾರ 'ಇವತ್ತು ಆಡಿಟ್ ಇತ್ತು' ಅಂದೆ, 'ಬಿಡು ಮಗಾ, ನಾಳೆ ಓದು' ಅಂದ. ಮಾರನೇ ದಿನ ಅವನು 'ಮಾವನ ಮನೆಗೆ ಬಂದಿದ್ದೀನಿ' ಅಂದ, 'ಹೋಗಲಿ ಬಿಡು' ಅಂದೆ. ಮೂರನೇ ವಾರ ಇಬ್ಬರೂ ಫೋನಿನಲ್ಲಿ ಕ್ರಿಕೆಟ್ ಮಾತಾಡುತ್ತಿದ್ದೆವು. ಇಬ್ಬರೂ ಫೇಲ್. ನಮ್ಮ ಸ್ನೇಹಕ್ಕೆ ಮಾತ್ರ ಒಂದು ಚೂರೂ ಧಕ್ಕೆ ಆಗಲಿಲ್ಲ. ತಪ್ಪಾಗಿದ್ದೂ ಅಲ್ಲೇ.

ಎರಡನೇ ಸಲ ಮನೆಯಲ್ಲಿ ಹೇಳಿದೆ. ಅದು ಇನ್ನೂ ಕಷ್ಟ. ಮನೆಯವರು ಕೇಳಿದ ಲೆಕ್ಕ ಲೆಕ್ಕವಾಗಿ ಕೇಳಿಸುವುದಿಲ್ಲ, ಕೊಂಕಾಗಿ ಕೇಳಿಸುತ್ತದೆ. 'ಓದಿದ್ರಾ?' ಅನ್ನುವ ಎರಡು ಸೆಕೆಂಡಿನ ಪ್ರಶ್ನೆ, 'ನೀನು ಗ್ಯಾಸ್ ಬುಕ್ ಮಾಡಿದ್ಯಾ?' ಅನ್ನುವ ಅರ್ಧ ಗಂಟೆಯ ಜಗಳ ಆಗುತ್ತಿತ್ತು.

ಮೂರನೇ ಸಲ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದೆ. ಅವರಿಗೆ ನಾನು ಓದುತ್ತಿದ್ದ ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಅಂದರೆ ಏನು ಅಂತಲೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಹಾಲು ತರಲು ಹೋಗುವಾಗ ದಿನಾ ನಮ್ಮ ಗೇಟಿನ ಮುಂದೆ ಹಾದು ಹೋಗುತ್ತಿದ್ದರು, ಬೀದಿಯ ಎಲ್ಲರ ಜೊತೆ ಮಾತಾಡುತ್ತಿದ್ದರು, ಮತ್ತು ಹೇಳಿದ ಮಾತನ್ನು ಮರೆಯುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ ಪದ: 'ಎಷ್ಟು?' ಬುದ್ಧಿವಾದ ಇಲ್ಲ, ಬೈಗುಳ ಇಲ್ಲ. ಸೊನ್ನೆ ಅಂದ ದಿನ 'ಸೊನ್ನೆ' ಅಂತ ತಿರುಗಿ ಹೇಳಿ ಹೋಗುತ್ತಿದ್ದರು. ಆ ಸೊನ್ನೆ ಇಡೀ ದಿನ ಕಿವಿಯಲ್ಲಿ ಇರುತ್ತಿತ್ತು.

ಇದು ನನ್ನೊಬ್ಬನ ಅನುಭವ ಅಂತ ಬಿಟ್ಟುಬಿಡಬೇಡಿ. ಎಮಿಲಿ ಬ್ರೆಜಾ ಮತ್ತು ಅರುಣ್ ಚಂದ್ರಶೇಖರ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಕರ್ನಾಟಕದ 60 ಹಳ್ಳಿಗಳಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಅದು 2019ರಲ್ಲಿ ಪ್ರಕಟವಾಯಿತು. ಜನ ಆರು ತಿಂಗಳಿಗೆ ಒಂದು ಉಳಿತಾಯದ ಗುರಿ ಇಟ್ಟುಕೊಂಡರು. ಕೆಲವರ ಲೆಕ್ಕ ನೋಡಲು ಅದೇ ಊರಿನ ಒಬ್ಬರನ್ನು ಇಟ್ಟರು. ಹಾಗೆ ಇಟ್ಟವರ ಒಟ್ಟು ಉಳಿತಾಯ ಸುಮಾರು 35 ಶೇಕಡಾ ಜಾಸ್ತಿ ಆಯಿತು. ಊರಲ್ಲಿ ಹೆಚ್ಚು ಜನರ ಒಡನಾಟ ಇದ್ದವರು ಲೆಕ್ಕ ನೋಡಿದಾಗ ಇನ್ನೂ ಹೆಚ್ಚು ಫಲ ಸಿಕ್ಕಿತು. ಕಾರಣ ಊಹಿಸಬಹುದು. ನಾಳೆ ನಮ್ಮ ಬಗ್ಗೆ ನಾಲ್ಕು ಜನ ಏನು ಮಾತಾಡುತ್ತಾರೆ ಅನ್ನುವುದು ಅಂಥವರ ಬಾಯಲ್ಲಿ ಇರುತ್ತದೆ.

ಹಾಗಾದರೆ ಯಾರನ್ನು ಆರಿಸಬೇಕು?

ಒಂದು ಸಣ್ಣ ಪರೀಕ್ಷೆ ಇದೆ. ಕೈಗಡ ಕೊಟ್ಟ ದುಡ್ಡನ್ನು ಹೇಳಿದ ದಿನ ತಂದುಕೊಟ್ಟವರು ಯಾರು? ಚೀಟಿ ದುಡ್ಡು ಕಟ್ಟುವ ದಿನ ಫೋನ್ ಮಾಡಿಸಿಕೊಳ್ಳದೆ ಬರುವವರು ಯಾರು? ಅಂಥವರು ಕೇಳುವುದನ್ನೂ ಮರೆಯುವುದಿಲ್ಲ. ಎರಡನೆಯದು, ಅವರ ಮುಂದೆ ಸೊನ್ನೆ ಹೇಳಲು ನಿಮಗೆ ಸ್ವಲ್ಪ ಮುಜುಗರ ಆಗಬೇಕು. ಸ್ವಲ್ಪ ಸಾಕು, ಭಯ ಆಗಬಾರದು. ಮೂರನೆಯದು, ನೀವು ಗೆದ್ದರೂ ಸೋತರೂ ಅವರಿಗೆ ಲಾಭ-ನಷ್ಟ ಇರಬಾರದು.

ನಿಮ್ಮ ಮೇಲಧಿಕಾರಿ ಬೇಡ. ನಿಮ್ಮ ಸೋಲನ್ನು ಮದುವೆ ಮನೆಯಲ್ಲಿ ಹೇಳಿ ನಗುವ ನೆಂಟರು ಬೇಡ. ಸಾಲ ಕೊಟ್ಟವರು, ಸಾಲ ತಗೊಂಡು ಇನ್ನೂ ತೀರಿಸದವರು ಇಬ್ಬರೂ ಬೇಡ. 'ಪಾಪ' ಅನ್ನುವ ಪದ ಬಾಯಲ್ಲೇ ಇಟ್ಟುಕೊಂಡಿರುವ ಮೃದು ಮನಸ್ಸಿನವರೂ ಬೇಡ.

ಇಬ್ಬರೂ ಒಬ್ಬರಿಗೊಬ್ಬರು ಲೆಕ್ಕ ಕೇಳುವ ಜೋಡಿಯೂ ನಡೆಯುತ್ತದೆ, ಆದರೆ ಮುಯ್ಯಾಳಿನ ಹಾಗೆ ಇದ್ದರೆ ಮಾತ್ರ. ನಮ್ಮ ಕಡೆ ಹೊಲದ ಕೆಲಸಕ್ಕೆ ಇವತ್ತು ನೀವು ಅವರ ಹೊಲಕ್ಕೆ, ನಾಳೆ ಅವರು ನಿಮ್ಮ ಹೊಲಕ್ಕೆ. ಅಲ್ಲಿ ಒಂದು ಆಳಿಗೆ ಒಂದು ಆಳು, ದಿನಕ್ಕೆ ದಿನ. 'ನಾನೂ ಬರಲಿಲ್ಲ, ನೀನೂ ಬರಬೇಡ' ಅಂತ ಸರಿದೂಗಿಸಿಕೊಂಡರೆ ರಾಗಿ ಹೊಲದಲ್ಲೇ ಒಣಗುತ್ತದೆ. ನಾನೂ ಗೆಳೆಯನೂ ಮಾಡಿದ್ದು ಅದನ್ನೇ.

ಹಂತ 4: ಬಾಯಿಬಿಟ್ಟು ಕೇಳಿ, ಕರಾರು ಮಾಡಿಕೊಳ್ಳಿ

'ನನ್ನನ್ನು ಸ್ವಲ್ಪ ವಿಚಾರಿಸ್ತಾ ಇರಿ' ಅಂದರೆ ಯಾರೂ ವಿಚಾರಿಸುವುದಿಲ್ಲ. ಯಾವಾಗ, ಏನು ಕೇಳಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ. ಕೇಳಲು ಸಂಕೋಚವೂ ಇರುತ್ತದೆ. ಹೀಗೆ ಕೇಳಿ:

'ಮೇಷ್ಟ್ರೇ, ಒಂದು ಸಹಾಯ ಆಗಬೇಕು. ಇವತ್ತಿಂದ ಆರು ವಾರ ದಿನಾ ರಾತ್ರಿ 9 ಗಂಟೆಗೆ ಒಂದು ಸಂಖ್ಯೆ ಕಳಿಸ್ತೀನಿ, ಎಷ್ಟು ಪ್ರಶ್ನೆ ಬಿಡಿಸಿದೆ ಅಂತ. 20 ಆಗಿರಬೇಕು. ಒಂಬತ್ತೂವರೆ ಆದರೂ ಬರದಿದ್ದರೆ ನೀವು 'ಎಷ್ಟು?' ಅಂತ ಒಂದು ಮೆಸೇಜ್ ಹಾಕಿದರೆ ಸಾಕು. ಬುದ್ಧಿ ಹೇಳೋದು ಬೇಡ. ಆಗಲ್ಲ ಅಂದರೂ ಬೇಜಾರಿಲ್ಲ.'

ಇದರಲ್ಲಿ ಐದು ವಿಷಯ ಇವೆ: ಎಷ್ಟು ದಿನ, ಎಷ್ಟು ಹೊತ್ತಿಗೆ, ಏನು, ತಪ್ಪಿದರೆ ಅವರು ಏನು ಮಾಡಬೇಕು, ಏನು ಮಾಡಬಾರದು. ಕೊನೆಯ ವಾಕ್ಯವನ್ನು ಮರೆಯಬೇಡಿ. ಬೇಡ ಅನ್ನಲು ದಾರಿ ಇಲ್ಲದೆ ಒಪ್ಪಿಕೊಂಡವರು ಹತ್ತು ದಿನಕ್ಕೆ ಫೋನ್ ಎತ್ತುವುದಿಲ್ಲ.

ಕರಾರನ್ನು ಕ್ಯಾಲೆಂಡರ್ ಹಿಂದೆ ಎರಡು ಸಾಲಿನಲ್ಲಿ ಬರೆದಿಡಿ. ನಾಲ್ಕನೇ ವಾರ 'ನಾವು 15 ಅಂತ ಅಂದುಕೊಂಡಿದ್ದೆವು ಅಲ್ವಾ' ಅಂತ ಮನಸ್ಸು ಹೇಳುತ್ತದೆ, ಆಗ ಬೇಕಾಗುತ್ತದೆ.

ಹಂತ 5: ಸಂಖ್ಯೆ ಕಳಿಸಿ, ಕಾರಣ ಕಳಿಸಬೇಡಿ

ಮೊದಲು ಕ್ಯಾಲೆಂಡರ್‌ನಲ್ಲಿ ಬರೆಯಿರಿ, ಆಮೇಲೆ ಕಳಿಸಿ. ಎರಡೂ ಬೇಕು. 2016ರಲ್ಲಿ 138 ಅಧ್ಯಯನಗಳನ್ನು, ಅಂದರೆ ಸುಮಾರು 20 ಸಾವಿರ ಜನರ ಮೇಲೆ ನಡೆದ ಪ್ರಯೋಗಗಳನ್ನು, ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಂಡವರು ಗುರಿ ಮುಟ್ಟುವುದು ಹೆಚ್ಚು. ಆ ಪ್ರಗತಿಯನ್ನು ಬರೆದಿಟ್ಟಾಗ, ಇನ್ನೊಬ್ಬರಿಗೆ ತಿಳಿಸಿದಾಗ ಫಲ ಇನ್ನೂ ಹೆಚ್ಚು.

ಮೆಸೇಜ್ ಹೀಗಿರಲಿ: '12ನೇ ದಿನ. 20.' ಮುಗಿಯಿತು. ಆಗದ ದಿನ: '13ನೇ ದಿನ. 0.'

'13ನೇ ದಿನ, ಇವತ್ತು ಶಿವಮೊಗ್ಗದಿಂದ ನೆಂಟರು ಬಂದಿದ್ದರು, ಮಧ್ಯಾಹ್ನ ಕರೆಂಟ್ ಇರಲಿಲ್ಲ, ಆದರೆ ನಾಳೆ ಖಂಡಿತ 40 ಮಾಡುತ್ತೇನೆ' ಅನ್ನುವುದು ಲೆಕ್ಕ ಅಲ್ಲ, ರಜೆ ಚೀಟಿ. ಕಾರಣ ಬರೆದ ಕೂಡಲೇ ಎದುರಿನವರು ನ್ಯಾಯಾಧೀಶರಾಗಬೇಕಾಗುತ್ತದೆ. ನಿಜವಾದ ಕಾರಣವಾ, ನೆಪವಾ ಅಂತ ತೂಗಬೇಕಾಗುತ್ತದೆ. ಅದು ಅವರ ಕೆಲಸ ಅಲ್ಲ, ಅವರಿಗೆ ಹಿಂಸೆ.

ಸೊನ್ನೆಯ ದಿನವೂ ಕಳಿಸಲೇಬೇಕು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ನಿಯಮ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ನಾನು ನೋಡಿದ ಹಾಗೆ ಹೆಚ್ಚಿನವರು ಗುರಿ ಬಿಡುವುದು ಕೆಲಸ ತಪ್ಪಿದ ದಿನ ಅಲ್ಲ, ಮೆಸೇಜ್ ತಪ್ಪಿಸಿದ ದಿನ. ಕೆಲಸ ತಪ್ಪಿ ಲೆಕ್ಕ ಕೊಟ್ಟವರು ಮಾರನೇ ದಿನ ವಾಪಸ್ ಬರುತ್ತಾರೆ. ಲೆಕ್ಕ ತಪ್ಪಿಸಿದವರು ಬೇರೆ ದಾರಿಯಲ್ಲಿ ಓಡಾಡಲು ಶುರು ಮಾಡುತ್ತಾರೆ.

ಎದುರು ಬದುರು ಸಿಗಲೇಬೇಕು ಅಂತೇನಿಲ್ಲ. ಚಿಲಿ ದೇಶದಲ್ಲಿ ಸಣ್ಣ ವ್ಯಾಪಾರಿಗಳ ಉಳಿತಾಯದ ಮೇಲೆ ಒಂದು ಪ್ರಯೋಗ ನಡೆಯಿತು. ಗುಂಪಿನ ಮುಂದೆ ಗುರಿ ಹೇಳಿ, ಗುಂಪಿನ ಮುಂದೆ ಲೆಕ್ಕ ತೋರಿಸಿದವರು ಬ್ಯಾಂಕಿಗೆ ದುಡ್ಡು ಕಟ್ಟಿದ ಸಲಗಳು ಮೂರೂವರೆ ಪಟ್ಟಾದವು. ಆಮೇಲೆ ಸಭೆಯ ಬದಲು ಬರೀ ಎಸ್‌ಎಂಎಸ್ ಬಳಸಿ ನೋಡಿದರು. ಫಲ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಹಂತ 6: ದಂಡ ಇಡುವುದಾದರೆ ಹುಷಾರಾಗಿ ಇಡಿ

ದಂಡ ಇಲ್ಲದೆಯೂ ನಡೆಯುತ್ತದೆ. ಮೊದಲ ಎರಡು ವಾರ ಇಡಲೇಬೇಡಿ.

ನಾವು ಒಂದು ಸಲ ನಾಲ್ಕು ಜನ ವಾಕಿಂಗ್ ಗುಂಪು ಮಾಡಿದ್ದೆವು. ತಪ್ಪಿಸಿದವರು ಭಾನುವಾರ ಎಲ್ಲರಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು ಅನ್ನುವುದು ದಂಡ. ಎರಡನೇ ಭಾನುವಾರವೇ ಬೆಣ್ಣೆ ಹಾಕಿದ ಇಡ್ಲಿ, ಮೇಲೆ ಒಂದು ವಡೆ, ಕಾಫಿ. ಎಷ್ಟು ಖುಷಿಯಾಯಿತು ಅಂದರೆ, ಮೂರನೇ ವಾರ ಯಾರೂ ತಪ್ಪಿಸದಿದ್ದಾಗ ಎಲ್ಲರಿಗೂ ಬೇಜಾರು! ನಾಲ್ಕನೇ ವಾರ 'ಈ ಸಲ ನನ್ನ ಸರದಿ' ಅಂತ ಒಬ್ಬರು ಮುಂಚಿತವಾಗಿಯೇ ಹೇಳಿ ಮಲಗಿದರು.

ದಂಡ ಬೆಲೆಯಾಗಿ ಬದಲಾಗುವುದು ಅಂದರೆ ಇದೇ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ತಡ ಮಾಡುವ ಪೋಷಕರಿಗೆ ದಂಡ ಹಾಕಿ ನೋಡಿದ್ದರು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ತಡ ಮಾಡುವವರು ಕಡಿಮೆ ಆಗಲಿಲ್ಲ, ಜಾಸ್ತಿ ಆದರು. 'ದುಡ್ಡು ಕೊಡ್ತೀವಲ್ಲ' ಅನ್ನುವ ಭಾವ ಬಂತು. ದಂಡ ತೆಗೆದ ಮೇಲೂ ಹಳೆಯ ಸ್ಥಿತಿಗೆ ಮರಳಲಿಲ್ಲ.

ಹಾಗಂತ ದುಡ್ಡಿನ ದಂಡ ಯಾವಾಗಲೂ ವ್ಯರ್ಥ ಅಂತೇನಲ್ಲ. ಫಿಲಿಪ್ಪೀನ್ಸ್‌ನಲ್ಲಿ ಸಿಗರೇಟು ಬಿಡಬೇಕು ಅನ್ನುವವರು ತಮ್ಮದೇ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು, ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಫೇಲಾದರೆ ಆ ದುಡ್ಡು ದಾನಕ್ಕೆ ಹೋಗುವಂತೆ ಮಾಡಿದ ಪ್ರಯೋಗ ಒಂದಿದೆ. ಅವಕಾಶ ಸಿಕ್ಕವರಲ್ಲಿ ನೂರಕ್ಕೆ ಹನ್ನೊಂದು ಜನ ಮಾತ್ರ ಒಪ್ಪಿದರು. ಆದರೂ ಅವಕಾಶ ಸಿಕ್ಕವರ ಗುಂಪಿನಲ್ಲಿ ಸಿಗರೇಟು ಬಿಟ್ಟವರು ಸ್ವಲ್ಪ ಜಾಸ್ತಿಯೇ ಇದ್ದರು.

ನನ್ನ ಅಭಿಪ್ರಾಯ ಹೀಗೆ. ದಂಡ ಚುಚ್ಚಬೇಕು, ಗಾಯ ಮಾಡಬಾರದು. ಒಂದು ದಿನದ ಕಾಫಿ-ತಿಂಡಿ ಖರ್ಚಿನಷ್ಟು ಸಾಕು. ಅದು ಲೆಕ್ಕ ಕೇಳುವವರ ಜೇಬಿಗೆ ಹೋಗಬಾರದು, ಹೋದರೆ ನೀವು ಸೋಲಲಿ ಅಂತ ಒಳಗೊಳಗೇ ಅನ್ನಿಸುತ್ತದೆ. ಎಲ್ಲರೂ ಕೂತು ತಿನ್ನುವ ಖುಷಿಗೂ ಹೋಗಬಾರದು. ಮೊದಲೇ ಅವರ ಕೈಗೆ ಕೊಟ್ಟಿಡಿ. ಸೋತ ಮೇಲೆ ಕೊಡುತ್ತೇನೆ ಅನ್ನುವುದು ನಡೆಯುವುದಿಲ್ಲ. ಸಾಲ ಮಾಡಿ ಇಡುವುದಂತೂ ಬೇಡವೇ ಬೇಡ.

ಇಡ್ಲಿಯನ್ನು ಆರು ವಾರ ಮುಗಿದ ದಿನಕ್ಕೆ ಇಟ್ಟುಕೊಳ್ಳಿ.

ಹಂತ 7: ತಪ್ಪುವ ದಿನಕ್ಕೆ ಮೊದಲೇ ನಿಯಮ ಬರೆಯಿರಿ

ಆರು ವಾರದಲ್ಲಿ ಒಂದು ಮದುವೆ, ಒಂದು ಹಬ್ಬ, ಒಂದು ಜ್ವರ ಬಂದೇ ಬರುತ್ತವೆ. ಸಿದ್ಧಗಂಗೆ ಜಾತ್ರೆ ಬಂದರೆ ನೆಂಟರು ಬರುತ್ತಾರೆ. ಊರಿನ ದೇವರ ಪರ (ಊರೂಟ) ಇದ್ದರೆ ಎರಡು ದಿನ ಹೋದ ಹಾಗೆ.

ಸರ್ಕಾರಿ ನೌಕರರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಮೂರು ವಾರಕ್ಕೆ ಒಂದು ಸಿ.ಎಲ್. (ಸಾಂದರ್ಭಿಕ ರಜೆ) ಇಟ್ಟುಕೊಳ್ಳಿ. ಹಿಂದಿನ ರಾತ್ರಿಯ ಮೆಸೇಜ್‌ನಲ್ಲೇ ಹೇಳಬೇಕು: 'ನಾಳೆ ಸಿ.ಎಲ್.' ಅದೇ ದಿನ ರಾತ್ರಿ ಹೇಳಿದರೆ ಅದು ಸಿ.ಎಲ್. ಅಲ್ಲ, ಗೈರುಹಾಜರಿ. ಸಾವು, ಆಸ್ಪತ್ರೆ ಬಂದರೆ ಲೆಕ್ಕವನ್ನೇ ನಿಲ್ಲಿಸಿ, ಮುಗಿದ ಮೇಲೆ ನಿಂತ ದಿನದಿಂದ ಶುರು ಮಾಡಿ.

ಇನ್ನೊಂದು ನಿಯಮ: ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪಬಾರದು. ಎರಡನೇ ದಿನ ಅಳತೆಯ ಕಾಲು ಭಾಗ ಆದರೂ ಮಾಡಿ. ತಪ್ಪಿದ್ದನ್ನು ಮಾರನೇ ದಿನ ಸೇರಿಸಿ ತೀರಿಸಲು ಹೋಗಬೇಡಿ. ಇವತ್ತಿನ 20ರ ಜೊತೆ ನಿನ್ನೆಯ 20 ಸೇರಿ 40 ಆದರೆ, ನಾಳೆಗೆ 60 ಆಗುತ್ತದೆ. ಬಡ್ಡಿ ಸಾಲದ ಹಾಗೆ.

ಹಂತ 8: ಗುಂಪು ಮಾಡುವುದಾದರೆ

ಐದು ಜನ ಮೀರಬೇಡಿ. ಇಪ್ಪತ್ತು ಜನರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಲೆಕ್ಕ ಹಾಕದಿದ್ದರೆ ಗೊತ್ತೇ ಆಗುವುದಿಲ್ಲ. ಎರಡನೇ ವಾರಕ್ಕೆ ಗುಲಾಬಿ ಹೂವಿನ ಶುಭೋದಯ, ಮೂರನೇ ವಾರಕ್ಕೆ ಸೈಟು ಮಾರಾಟ.

ಸ್ತ್ರೀಶಕ್ತಿ ಸಂಘಗಳಲ್ಲಿ ಹತ್ತಿಪ್ಪತ್ತು ಜನ ಇದ್ದರೂ ನಡೆಯುತ್ತದಲ್ಲ ಅಂತ ಕೇಳಬಹುದು. ನಡೆಯುತ್ತದೆ. ಅಲ್ಲಿ ಗೊತ್ತಾದ ದಿನ ಸಭೆ ಇರುತ್ತದೆ, ಎಲ್ಲರ ಮುಂದೆ ಪುಸ್ತಕ ತೆರೆಯುತ್ತದೆ, ಒಬ್ಬೊಬ್ಬರ ಹೆಸರು ಕೂಗಿ ಮೊತ್ತ ಬರೆಯುತ್ತಾರೆ. ಹೆಸರು ಕೂಗುವುದೇ ಗುಟ್ಟು. ನಿಮ್ಮ ಗುಂಪಿನಲ್ಲೂ ಹಾಗೇ ಮಾಡಿ: ಒಂದು ಹೊತ್ತು, ಒಂದು ಪಟ್ಟಿ, ಅದೇ ಕ್ರಮದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಸಂಖ್ಯೆ. ಖಾಲಿ ಜಾಗ ಎದ್ದು ಕಾಣಬೇಕು. ಬೇರೆ ಮಾತಿಗೆ ಬೇರೆ ಗ್ರೂಪ್.

ಪಟ್ಟಿ ಹಾಕುವ ಕೆಲಸ ವಾರಕ್ಕೊಬ್ಬರಿಗೆ ಬದಲಾಗಲಿ. ಒಬ್ಬರೇ ಹಾಕಿದರೆ ಅವರು ಮಾನಿಟರ್ ಆಗುತ್ತಾರೆ, ಉಳಿದವರು ಬೆಂಚಿನ ಹುಡುಗರಾಗುತ್ತಾರೆ.

ಅಪಾಯದ ಗುರುತುಗಳು

ನಿಮ್ಮ ಮೆಸೇಜ್ ಉದ್ದವಾಗುತ್ತಾ ಹೋದರೆ ಕೆಲಸ ಕಡಿಮೆಯಾಗುತ್ತಿದೆ ಅಂತ ತಿಳಿಯಿರಿ.

ಸಂಖ್ಯೆಗಳು ತೀರಾ ದುಂಡಗಾಗಿ ಬರತೊಡಗಿದರೆ, ದಿನಾ 20, 20, 20, ಒಂದು ದಿನವೂ 19 ಇಲ್ಲ, 23 ಇಲ್ಲ, ಆಗ ನೀವು ಅಂದಾಜು ಕಳಿಸುತ್ತಿದ್ದೀರಿ. ಒಂದು ಸಲ ಸುಳ್ಳು ಹೇಳಿದರೆ ಎರಡನೇ ಸಲ ಸುಲಭ. ನನ್ನ 17ನೇ ದಿನದ 20 ನಿಜವಾಗಿ 11. ಮಾರನೇ ದಿನ 'ನಿನ್ನೆಯದು 11 ಮೇಷ್ಟ್ರೇ' ಅಂತ ತಿದ್ದಿದೆ. ಅವರು 'ಸರಿ, 11' ಅಂದರು, ಅಷ್ಟೇ. ಸುಳ್ಳು ಹೇಳಿದ್ದರೆ ಹೀಗೇ ತಿದ್ದಿ, ದೊಡ್ಡ ಕ್ಷಮಾಪಣೆ ಬೇಡ.

ಅವರ ಮನೆ ಮುಂದೆ ಹೋಗುವುದನ್ನು ತಪ್ಪಿಸಿ ಹಿಂದಿನ ರಸ್ತೆ ಹಿಡಿದರೆ, ಅವತ್ತೇ ಹೋಗಿ ಬಾಗಿಲು ತಟ್ಟಿ. ಎರಡು ದಿನ ಕಳೆದರೆ ಕಾಲು ಬರುವುದಿಲ್ಲ.

ಎದುರಿನವರು ಬರೀ ಹೆಬ್ಬೆರಳ ಚಿತ್ರ ಹಾಕತೊಡಗಿದರೆ ಅವರಿಗೆ ಸಾಕಾಗಿದೆ. ಒಂದು ದಿನ ಬೇಕಂತಲೇ ತಡಮಾಡಿ ನೋಡಿ. 'ಎಷ್ಟು?' ಅಂತ ಬರದಿದ್ದರೆ ನೀವು ಗೋಡೆಗೆ ಲೆಕ್ಕ ಒಪ್ಪಿಸುತ್ತಿದ್ದೀರಿ. ಬೇಜಾರು ಮಾಡಿಕೊಳ್ಳದೆ ಬೇರೆಯವರನ್ನು ಹುಡುಕಿ.

ಅವರು ಹಂಗಿಸತೊಡಗಿದರೆ, ನಿಮ್ಮ ಫೋನ್, ಲೊಕೇಶನ್, ಬ್ಯಾಂಕ್ ಪಾಸ್‌ಬುಕ್ ಕೇಳತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಲೆಕ್ಕ ಕೇಳಲು ಕೊಟ್ಟ ಅಧಿಕಾರ ಒಂದು ಸಂಖ್ಯೆಯ ಮೇಲೆ ಮಾತ್ರ, ನಿಮ್ಮ ಮೇಲೆ ಅಲ್ಲ. ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಿಕೊಳ್ಳಿ.

ಹಂತ 9: ಆರನೇ ವಾರ ಕೂತು ನೋಡಿ

ಕ್ಯಾಲೆಂಡರ್ ತೆಗೆದುಕೊಂಡು ಅವರ ಮನೆಗೇ ಹೋಗಿ. 42 ಚೌಕದಲ್ಲಿ ಎಷ್ಟು ತುಂಬಿವೆ ಎಣಿಸಿ. 30 ದಾಟಿದ್ದರೆ ದಿನಾ ಕಳಿಸುವುದನ್ನು ವಾರಕ್ಕೊಮ್ಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ, ಇನ್ನೂ ಎರಡು ತಿಂಗಳು ವಾರಕ್ಕೊಂದು ಸಂಖ್ಯೆ ಹೋಗಲಿ. 20ರಿಂದ 30ರ ಮಧ್ಯೆ ಇದ್ದರೆ ಅಳತೆ ಅರ್ಧ ಮಾಡಿ ಇನ್ನೊಂದು ಆರು ವಾರ. 20ಕ್ಕಿಂತ ಕಡಿಮೆ ಇದ್ದರೆ ಗುರಿ ನಿಮ್ಮದಾ ಅಥವಾ ಮನೆಯವರ ಆಸೆಯಾ ಅಂತ ಕೇಳಿಕೊಳ್ಳಿ. ನಿಮ್ಮದಲ್ಲದ ಗುರಿಗೆ ಯಾರನ್ನು ಲೆಕ್ಕ ಕೇಳಲು ಕೂರಿಸಿದರೂ ನಡೆಯುವುದಿಲ್ಲ. ಈ ಸಂಖ್ಯೆಗಳು ನನ್ನ ಅಂದಾಜು, ಶಾಸ್ತ್ರ ಅಲ್ಲ. ವಾರದ ಯಾವ ದಿನ ಖಾಲಿ ಇದೆ ಅಂತಲೂ ನೋಡಿ. ನನ್ನದರಲ್ಲಿ ಶನಿವಾರಗಳೇ ಖಾಲಿ ಇದ್ದವು. ಶನಿವಾರದ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದೆ, ಸರಿಹೋಯಿತು.

ಪೇಪರ್ ಪಾಸಾಯಿತಾ ಅಂತ ಕೇಳುತ್ತೀರಿ. ಆಯಿತು, ಮೂರನೇ ಸಲಕ್ಕೆ.

ಲೆಕ್ಕ ಕೇಳಿದವರನ್ನು ಹಾಗೇ ಬಿಡಬೇಡಿ. ಮುಯ್ಯಿ ತೀರಿಸಬೇಕಲ್ಲ. ಅವರದ್ದೇನಾದರೂ ಬಾಕಿ ಇದೆಯಾ ಕೇಳಿ. ನಮ್ಮ ಮೇಷ್ಟ್ರಿಗೆ ಶುಗರ್ ಇದೆ, ಊಟ ಆದ ಮೇಲೆ ಅರ್ಧ ಗಂಟೆ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಈಗ ರಾತ್ರಿ 9 ಗಂಟೆಗೆ ಅವರಿಂದ ನನಗೆ ಮೆಸೇಜ್ ಬರುತ್ತದೆ. ನಿನ್ನೆ ಬಂದದ್ದು: '8ನೇ ದಿನ. 0. ಸಿಕ್ಕಾಪಟ್ಟೆ ಮಳೆ.'

'ಕಾರಣ ಬೇಡ ಮೇಷ್ಟ್ರೇ' ಅಂತ ಬರೆದೆ. ಹತ್ತು ನಿಮಿಷಕ್ಕೆ ಕೊಡೆ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ಹೋದರು.